ಎಣ್ಣೆ ಕಾಣದ ಬಾಗಿಲು

ನಮ್ಮೂರಿನಲ್ಲಿ ಪ್ರತಿ ಮನೆಯಲ್ಲೂ ಒಂದು ಬಾಗಿಲಿಗೆ ಎಣ್ಣೆ ಹಾಕುವುದಿಲ್ಲ. ಹೊರಗಿನಿಂದ ಬಂದ ನೆಂಟರು ಆ ಬಾಗಿಲು ಕಿರುಗುಟ್ಟುವುದನ್ನು ಕೇಳಿ ಮನೆಯವರು ಸೋಮಾರಿಗಳು ಅಂದುಕೊಳ್ಳುತ್ತಾರೆ. ನಮ್ಮ ಸೋದರಮಾವನೂ ಒಮ್ಮೆ ಹಾಗೆಯೇ ಅಂದುಕೊಂಡರು. ಊಟವಾದ ಮೇಲೆ ಸುಮ್ಮನೆ ಕೂರಲಾರದೆ, ಅಡುಗೆಮನೆಯಿಂದ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ಮುಂಬಾಗಿಲ ಕೀಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ನನ್ನ ಅಕ್ಕ ಹೊಲಿಗೆ ಮಿಷನ್ನು ಬಿಟ್ಟು ಓಡಿಬಂದು ಅವರ ಕೈ ಹಿಡಿದುಕೊಂಡಳು. "ಮಾವಾ, ದಮ್ಮಯ್ಯ ಅಂತೀನಿ, ಅದೊಂದು ಮಾಡಬೇಡಿ. ಈ ಮನೇನೇ ಅದರ ಮೇಲೆ ನಿಂತಿದೆ" ಅಂದಳು. ಮಾವ ಒಮ್ಮೆ ಕೀಲನ್ನು, ಒಮ್ಮೆ ಸೂರನ್ನು ನೋಡಿದರು. ಏನೂ ಅರ್ಥವಾಗದೆ, ಕೈಗೆ ಬಂದ ಎಣ್ಣೆಯನ್ನು ತಲೆಗೆ ತಟ್ಟಿಕೊಂಡು ಮಲಗಲು ಹೋದರು.

ಊರಿನ ಮನೆಗಳಿಗೆಲ್ಲ ಸಾಲ ಕೊಡುವುದು ಕೋಠಿ. ಚೌಕದಲ್ಲಿರುವ ಕಲ್ಲುಕಟ್ಟಡ ಅದು. ಮನೆಪತ್ರ ಅಡವಿಟ್ಟುಕೊಂಡು ಹಣ ಕೊಡುತ್ತಾರೆ. ಬಡ್ಡಿ ಅಂಥ ಅನ್ಯಾಯದ್ದೇನಲ್ಲ, ಕಂತು ತುಸು ತಡವಾದರೆ ಯಾರೂ ಮನೆಮುಂದೆ ಬಂದು ಕೂಗಾಡುವುದಿಲ್ಲ. ಆದರೆ ಸಾಲ ಪೂರ್ತಿ ತೀರಿಸಿ ಪತ್ರ ಬಿಡಿಸಿಕೊಳ್ಳುವ ದಿನ ಬಿಡುಗಡೆ ಶುಲ್ಕ ಎಂದು ಒಂದನ್ನು ಕೊಡಬೇಕು. ಅದು ಹಣವಲ್ಲ, ಆ ಮನೆಯ ಒಂದು ಸದ್ದು. ಕೊಟ್ಟ ಮೇಲೆ ಅದು ಆ ಮನೆಯಲ್ಲಿ ಮತ್ತೆ ಹುಟ್ಟುವುದಿಲ್ಲ. ತೀರಿಸಿದ್ದಕ್ಕೂ ದಂಡವೇ ಎಂದು ಹೊರಗಿನವರು ಬಾಯಿ ಬಾಯಿ ಬಿಡುತ್ತಾರೆ. ಸಾಲ ಇರುವವರೆಗೆ ಬಡ್ಡಿ ಬರುತ್ತಿತ್ತು, ತೀರಿದರೆ ಅವರಿಗೆ ನಷ್ಟವಲ್ಲವೆ ಎಂದು ಕೋಠಿಯ ಪರವಾಗಿ ನಾವೇ ವಾದ ಮಾಡುತ್ತೇವೆ. ಅಷ್ಟರಮಟ್ಟಿಗೆ ನಮಗೆ ಅಭ್ಯಾಸವಾಗಿಹೋಗಿದೆ.

ಯಾವ ಸದ್ದು ಕೊಡಬೇಕೆಂದು ಆರಿಸುವ ಹಕ್ಕು ಸಾಲಗಾರನದು. ಆದರೆ ಅದು ಮನೆಯವರು ದಿನವೂ ಕೇಳಿದ ಸದ್ದಾಗಿರಬೇಕು. ಹಿಂದಿನ ದಿನ ಸಂತೆಯಿಂದ ಗಿಲಕಿ ತಂದು ಅಲ್ಲಾಡಿಸಿ ತೋರಿಸಿದರೆ ನಡೆಯುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಉಪಾಯ ಕಂಡುಕೊಂಡರು. ಸಾಲ ತಂದ ದಿನವೇ ಒಂದು ಬಾಗಿಲನ್ನು ಗೊತ್ತುಮಾಡಿ, ಅದಕ್ಕೆ ಎಣ್ಣೆ ತೋರಿಸದೆ ಬೆಳೆಸುವುದು. ಹಲ್ಲು ಜುಮ್ಮೆನ್ನಿಸುವ ಆ ಕಿರುಗುಟ್ಟುವಿಕೆ ಯಾರಿಗೆ ಬೇಕು? ಕೊನೆಯ ಕಂತಿನ ದಿನ ಅದನ್ನು ಕೋಠಿಗೆ ಕೊಟ್ಟು, ಮೇಲಿಷ್ಟು ಅರಿಸಿನ ಕುಂಕುಮ ಇಟ್ಟು ಕಳಿಸಿದರಾಯಿತು. ಊರಿಗೆ ಊರೇ ಹೀಗೆ ಕೋಠಿಗೆ ಟೋಪಿ ಹಾಕುತ್ತ ಬಂದಿದೆ ಎಂಬುದು ನಮ್ಮ ಹೆಮ್ಮೆ.

ಕೋಠಿಯ ಬಗ್ಗೆ ಇನ್ನೊಂದು ತಮಾಷೆಯೂ ಊರಿನಲ್ಲಿತ್ತು. ಅಷ್ಟು ದುಡ್ಡಿದ್ದೂ ಅಲ್ಲಿಯ ಒಂದೊಂದು ಬಾಗಿಲೂ ಕಿರುಗುಟ್ಟುತ್ತಿತ್ತು. ತೇಗದ ಬಾಗಿಲು, ಹಿತ್ತಾಳೆಯ ಹಿಡಿ, ಆದರೆ ಎಳೆದರೆ ನಾಯಿಮರಿ ತುಳಿದ ಹಾಗೆ ಸದ್ದು. ಪಾಪ, ಎಣ್ಣೆಗೂ ಗತಿಯಿಲ್ಲ ಎಂದು ಕಂತು ಕಟ್ಟಲು ಹೋದವರೆಲ್ಲ ನಗುತ್ತಿದ್ದರು. ಒಳಗಿನ ಉದ್ದ ಬೆಂಚುಗಳ ಮೇಲೆ ಯಾವಾಗ ಹೋದರೂ ನಾಲ್ಕಾರು ಮುದುಕರು, ಮುದುಕಿಯರು ಕೂತಿರುತ್ತಿದ್ದರು. ಅವರ ಸಾಲ ತೀರಿ ಎಷ್ಟೋ ಕಾಲವಾಗಿತ್ತು. ಕಲ್ಲುಕಟ್ಟಡ ತಂಪಾಗಿರುತ್ತದೆ, ಬಿಸಿಲಿಗೆ ಬಂದಿದ್ದಾರೆ ಅಂದುಕೊಳ್ಳುತ್ತಿದ್ದೆ.

ನಮ್ಮ ಮನೆಯ ಸಾಲ ಅಕ್ಕನ ಹೆಸರಿನಲ್ಲಿತ್ತು. ಅವಳ ಹೆಸರು ಅಂಬುಜ. ಅಪ್ಪ ಅಮ್ಮ ಹೋದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಸೋರುವ ಸೂರು, ಒರಗಿದ ಗೋಡೆ ಬಿಟ್ಟರೆ ನಮಗೇನೂ ಉಳಿದಿರಲಿಲ್ಲ. ಅಕ್ಕ ಸಾಲ ತಂದು ಮನೆ ಎಬ್ಬಿಸಿದಳು. ರವಿಕೆ ಹೊಲಿದು ಹೊಲಿದು ಅದನ್ನು ತೀರಿಸುತ್ತ ಬಂದಳು. ಮದುವೆ ಎಂಬ ಮಾತು ತೆಗೆದರೆ, ಈ ರವಿಕೆ ಮುಗಿಯಲಿ ತಡಿ ಅನ್ನುತ್ತಿದ್ದಳು. ಒಂದು ಮುಗಿದರೆ ಇನ್ನೊಂದು ಇರುತ್ತಿತ್ತು. ನಾನು ದೊಡ್ಡವನಾಗಿ ಗೋಲಿ ಸೋಡಾ ಕಾರ್ಖಾನೆ ಸೇರಿದೆ. ನನಗೂ ಮದುವೆಯಾಗಲಿಲ್ಲ. ಅಕ್ಕ ನೋಡಿದ ಹೆಣ್ಣುಗಳಿಗೆ ಸೋಡಾ ತುಂಬುವವನು ಹಿಡಿಸಲಿಲ್ಲವೋ, ಅಕ್ಕನಿಗೇ ಅವರು ಹಿಡಿಸಲಿಲ್ಲವೋ, ನಾನು ಕೆದಕಲು ಹೋಗಲಿಲ್ಲ.

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೆ ಬಾಗಿಲಿಲ್ಲ, ಹಳೆಯ ಸೀರೆಯ ಪರದೆ. ಹಾಗಾಗಿ ಎಣ್ಣೆ ಕಾಣದ ಬಾಗಿಲಾಗಿ ಬೆಳೆಸಲು ಮುಂಬಾಗಿಲು ಒಂದೇ ಇತ್ತು. ಅಕ್ಕ ಮಿಷನ್ನನ್ನು ಕಿಟಕಿಯ ಬೆಳಕಿಗೆ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಯಾರು ಬಂದರೂ ತಿರುಗಿ ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಒಬ್ಬೊಬ್ಬರು ದೂಡಿದಾಗ ಬಾಗಿಲು ಒಂದೊಂದು ಥರ ಕೂಗುತ್ತಿತ್ತು. ಪಕ್ಕದ ಮನೆಯ ಪುಟ್ಟನಂಜಮ್ಮ ದಢಾರನೆ ತಳ್ಳಿದರೆ ಒಂದೇ ಚೀರು. ಹೊಸ ಸೊಸೆಯಂದಿರು ಅಂಜುತ್ತ ತೆರೆದರೆ ಮುಲುಕಿದ ಹಾಗೆ. "ಬನ್ನಿ ನಂಜಮ್ಮನೋರೆ, ಕಾಜಾ ಒಂದು ಬಾಕಿ ಇದೆ", "ಬಾಮ್ಮ, ಅಳತೆ ರವಿಕೆ ತಂದ್ಯಾ?" ಎಂದು ಅಕ್ಕ ಸೂಜಿಯಿಂದ ಕಣ್ಣು ತೆಗೆಯದೆ ಮಾತಾಡಿಸುತ್ತಿದ್ದಳು.

ನಾನು ಸಂಜೆ ಕಾರ್ಖಾನೆಯಿಂದ ಎರಡು ಬಾಟಲಿ ಸೋಡಾ ತರುತ್ತಿದ್ದೆ, ಅವಳಿಗೊಂದು, ನನಗೊಂದು. ಎರಡೂ ಕೈಯಲ್ಲಿ ಬಾಟಲಿ ಇರುವುದರಿಂದ ಮೊದಲು ಮೊಣಕಾಲಿನಿಂದ ತುಸು ದೂಡಿ, ಆಮೇಲೆ ಭುಜ ಕೊಟ್ಟು ಅಡ್ಡಡ್ಡವಾಗಿ ಒಳಗೆ ನುಗ್ಗುತ್ತಿದ್ದೆ. ಬಾಗಿಲು ಮೊದಲೊಂದು ಚಿಕ್ಕ ಕಿರ್ ಅನ್ನುತ್ತಿತ್ತು, ಆಮೇಲೊಂದು ಉದ್ದನೆಯದು. ಆ ಉದ್ದನೆಯದು ಮುಗಿಯುವುದರೊಳಗೆ ಅಕ್ಕ ಕೇಳುತ್ತಿದ್ದಳು.

"ಬಂದ್ಯಾ?"

"ಬಂದೆ" ಅನ್ನುತ್ತಿದ್ದೆ. ಅಷ್ಟೇ. ದಿನಾ ಇದ್ದದ್ದೇ ಇದು. ಇದರಲ್ಲಿ ಏನಿದೆ ಎಂದು ಯಾರಾದರೂ ಕೇಳಿದ್ದರೆ ಏನೂ ಇಲ್ಲ ಅನ್ನುತ್ತಿದ್ದೆ.

ಕೊನೆಯ ಕಂತು ಹತ್ತಿರ ಬಂದಾಗ ಅಕ್ಕನಿಗೆ ಉಬ್ಬಸ ಶುರುವಾಗಿತ್ತು. ಸಾಲಗಾರ ಕಂತು ಮುಗಿಸುವ ಮೊದಲು ತೀರಿಕೊಂಡರೆ, ಸದ್ದನ್ನು ಆರಿಸುವ ಹಕ್ಕು ಕೋಠಿಗೆ ಹೋಗುತ್ತದೆ. ಹಿಂದಿನ ಬೀದಿಯ ಒಂದು ಮನೆಯಲ್ಲಿ ಹಾಗಾಗಿ, ತಗಡಿನ ಮೇಲೆ ಬೀಳುವ ಮಳೆಯ ಸದ್ದು ತಗೊಂಡು ಹೋಗಿದ್ದರು. ಪಾಪ, ಒಣಹಾಕಿದ ಬಟ್ಟೆಬರೆ ನೆನೆದು ತೊಪ್ಪೆಯಾದ ಮೇಲೆಯೇ ಆ ಮನೆಯವರಿಗೆ ಮಳೆ ಬಂದದ್ದು ತಿಳಿಯುವುದು. ಅಕ್ಕನಿಗೆ ಇದೇ ಹೆದರಿಕೆ.

"ನಾನಿರೋವಾಗ್ಲೇ ಬಿಡಿಸ್ಕೊಂಡು ಬಿಡೋಣ ಶೇಷು. ನಾನ್ ಹೋದ್ಮೇಲೆ ಅವರು ಬಂದು ಏನ್ ಕಿತ್ಕೊಂಡ್ ಹೋಗ್ತಾರೋ ಏನೋ. ಪತ್ರ ನಿನ್ ಕೈಲಿ ಇಟ್ರೆ ನಂಗೆ ನಿದ್ದೆ ಬರತ್ತೆ" ಅಂದಳು.

ಪುಟ್ಟನಂಜಮ್ಮ ಮಾತ್ರ ಬೇರೆ ಥರ. ಅವರು ಕೊನೆಯ ಕಂತನ್ನು ಕಟ್ಟದೆ ಉಳಿಸಿಕೊಂಡು, ತಿಂಗಳು ತಿಂಗಳು ಅದರ ಬಡ್ಡಿ ಮಾತ್ರ ಕಟ್ಟುತ್ತಿದ್ದರು. ಹೀಗೆ ಮಾಡುವವರನ್ನು ಊರಿನಲ್ಲಿ ಬಾಕಿಯವರು ಅನ್ನುತ್ತಾರೆ. ಕೈಯಲ್ಲಿ ಕಾಸಿದ್ದೂ ಕಟ್ಟದ ಜಿಪುಣರು ಎಂದು ಎಲ್ಲರೂ ಮೂಗು ಮುರಿಯುತ್ತಾರೆ. ಅಂದು ರವಿಕೆಗೆಂದು ಬಂದಾಗ ನಮ್ಮ ಮಾತು ಅವರ ಕಿವಿಗೂ ಬಿತ್ತು.

"ಕಟ್ಬೇಡ ಕಣೇ ಅಂಬುಜ. ನನ್ ಹಾಗೆ ಸುಮ್ನಿರು" ಅಂದರು.

"ನೀವು ಹೋದ್ಮೇಲೆ ಕೋಠಿಯೋರು ಏನ್ ಬೇಕಾದ್ರೂ ತಗೊಂಡ್ ಹೋಗ್ತಾರಲ್ಲ?"

"ತಗೊಂಡ್ ಹೋಗ್ಲಿ ಬಿಡು. ಕೇಳೋಕೆ ನಾನೇನ್ ಇರ್ತೀನಾ?"

"ನಿಮಗೇನು, ಹಿಂದೆ ಮುಂದೆ ಯಾರೂ ಇಲ್ಲ. ನನಗೆ ಇವನಿದಾನಲ್ಲ" ಅಂದಳು ಅಕ್ಕ. ಪುಟ್ಟನಂಜಮ್ಮ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, ರವಿಕೆ ತಗೊಂಡು ದಢಾರನೆ ಬಾಗಿಲೆಳೆದುಕೊಂಡು ಹೋದರು. ಅವರು ಹೋದ ಮೇಲೆ ನಾವಿಬ್ಬರೂ ಅವರ ಬಾಕಿಯ ಬಗ್ಗೆ ಬಹಳ ನಕ್ಕೆವು.

ಶುಲ್ಕ ಗೊತ್ತುಮಾಡಲು ಕೋಠಿಯಿಂದ ಒಬ್ಬ ಕೇಳುಗ ಬರುತ್ತಾನೆ. ಒಂದು ಹಗಲು ಪೂರ್ತಿ ಮನೆಯಲ್ಲಿ ಕೂತು ಸದ್ದುಗಳನ್ನು ಕೇಳುವುದು ಅವನ ಕೆಲಸ. ನಮ್ಮ ಮನೆಗೆ ಬಂದವರು ತಿಮ್ಮರಸಯ್ಯ. ಬಡಕಲು ಮೈ, ದೊಡ್ಡ ಕಿವಿ, ಕಂಕುಳಲ್ಲಿ ಹಿತ್ತಾಳೆಯ ಒಂದು ಡಬ್ಬಿ. ಅಕ್ಕ ಕೊಟ್ಟ ಮಣೆಯ ಮೇಲೆ ಗೋಡೆಗೊರಗಿ ಕೂತು ಕಣ್ಣು ಮುಚ್ಚಿದರಂತೆ. ಮಿಷನ್ನು ಓಡಿತು, ಕುಕ್ಕರು ಕೂಗಿತು, ಗೂಡಿನ ಪಾರಿವಾಳ ಗುಟುರು ಹಾಕಿತು, ರವಿಕೆಯವರು ಬಂದು ಹೋದರು. ಊಟಕ್ಕೆ ಎದ್ದದ್ದು ಬಿಟ್ಟರೆ ಅವರು ಅಲ್ಲಾಡಲಿಲ್ಲವಂತೆ. ಸಂಜೆ ನಾನು ಬಾಟಲಿ ಹಿಡಿದುಕೊಂಡು ಮೊಣಕಾಲು, ಭುಜ ಕೊಟ್ಟು ಒಳಗೆ ಬಂದೆ. "ಬಂದ್ಯಾ?" ಅಂದಳು ಅಕ್ಕ. "ಬಂದೆ" ಅಂದೆ. ಆಗ ತಿಮ್ಮರಸಯ್ಯ ಕಣ್ಣು ಬಿಟ್ಟು ನಮ್ಮಿಬ್ಬರನ್ನೂ ನೋಡಿದರು.

"ಯಾವುದನ್ನ ಕೊಡಬೇಕು ಅಂತಿದೀರಮ್ಮ?" ಎಂದು ಕೇಳಿದರು.

"ಇದೇ ಸ್ವಾಮಿ, ಈ ಬಾಗಿಲು. ಒಳ್ಳೆ ಸದ್ದು. ಒಂದಿನ ತಪ್ಪಿಲ್ಲ" ಎಂದು ಅಕ್ಕ ಎಮ್ಮೆ ಮಾರುವವರ ಹಾಗೆ ವರ್ಣಿಸಿದಳು. ನಾನು ನಗು ತಡೆಯಲು ಸೋಡಾ ಕುಡಿದೆ.

ಅವರು ಡಬ್ಬಿಯ ಮುಚ್ಚಳ ಸವರುತ್ತ ಕೂತರು. "ಬಾಗಿಲು ಬೇಡಮ್ಮ. ಮಿಷನ್ ಸದ್ದು ಕೊಡಿ. ಸದ್ದಿಲ್ದಿದ್ರೂ ಅದು ಹೊಲಿಯುತ್ತೆ."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ದಾರ ಸಿಕ್ಕಾಯ್ತೋ ಇಲ್ವೋ ಅಂತ ನಂಗೆ ಸದ್ದಲ್ಲೇ ಗೊತ್ತಾಗೋದು. ಅದನ್ನ ಕೊಟ್ಟು ನಾನ್ ಕುರುಡಿ ಥರ ಹೊಲೀಲಾ? ಆರಿಸೋದು ನಾವು ತಾನೆ?"

"ನೀವೇ."

"ಹಂಗಾದ್ರೆ ಬಾಗಿಲು."

"ಕುಕ್ಕರ್ದಾದ್ರೂ ಕೊಡಿ. ಒಂದು ವಾರ ಬಿಟ್ಟು ಬರ್ತೀನಿ, ಯೋಚನೆ ಮಾಡಿ. ಇದಕ್ಕಿಂತ ಹೆಚ್ಚಿಗೆ ನಾನು ಹೇಳೋ ಹಾಗಿಲ್ಲ" ಎಂದು ಅವರು ಕೈ ತೊಳೆಯಲು ಹೊರಗಿನ ನಲ್ಲಿಗೆ ಹೋದರು. ಅಕ್ಕ ನನ್ನ ಕಡೆ ಬಗ್ಗಿದಳು. "ನೋಡ್ದ್ಯಾ? ಒಳ್ಳೇದನ್ನ ಹೊಡ್ಕೊಳ್ಳೋಕೆ ಹೊಂಚು." "ಅವನ ಕೆಲಸಾನೇ ಅದಲ್ವಾ ಅಕ್ಕ" ಅಂದೆ. ಸಾಲ ಕೊಟ್ಟವನ ಕಡೆಯವನು ನಮ್ಮ ಒಳ್ಳೆಯದಕ್ಕೆ ಮಾತಾಡಬಹುದು ಎಂದು ನಮ್ಮೂರಿನಲ್ಲಿ ಯಾರಿಗೂ ಕನಸಿನಲ್ಲೂ ಹೊಳೆಯುವುದಿಲ್ಲ. ಅವರು ಬೇಡ ಅಂದಷ್ಟೂ ನಮಗೆ ಬಾಗಿಲೇ ಸರಿ ಎಂದು ಗಟ್ಟಿಯಾಯಿತು. ಅವರು ಒಳಗೆ ಬರುತ್ತಲೇ, ವಾರಗೀರ ಏನೂ ಬೇಡ, ಈಗಲೇ ತಗೊಳ್ಳಿ ಅಂದೆವು.

ತಿಮ್ಮರಸಯ್ಯ ಡಬ್ಬಿಯ ಮುಚ್ಚಳ ತೆಗೆದು ಹೊಸಿಲ ಮೇಲಿಟ್ಟರು. ಬಾಗಿಲು ತೆಗೆಯಲು ನನಗೆ ಹೇಳಿದರು. ಹೊರಗೆ ಹೋಗಿ, ಬಾಟಲಿ ಹಿಡಿದುಕೊಂಡೇ ಮೊಣಕಾಲಿನಿಂದ ದೂಡಿ ಭುಜ ಕೊಟ್ಟೆ. ಚಿಕ್ಕ ಕಿರ್, ಆಮೇಲೆ ಉದ್ದನೆಯದು. ಅವರು ಮುಚ್ಚಳ ಹಾಕಿದರು. ಇನ್ನೊಮ್ಮೆ ತೆರೆದು ನೋಡಿ ಅಂದರು. ಬಾಗಿಲು ಸದ್ದಿಲ್ಲದೆ, ನೀರಿನ ಮೇಲಿನ ಎಲೆಯ ಹಾಗೆ ಸರಿಯಿತು. ಅಕ್ಕ ಚಪ್ಪಾಳೆ ತಟ್ಟಿದಳು. ಕೊನೆಯ ಕಂತನ್ನು ಎಣಿಸಿ ಕೊಟ್ಟಳು, ಪತ್ರ ಕೈಗೆ ಬಂತು. ದೇವರ ಮುಂದಿಟ್ಟು ದೀಪ ಹಚ್ಚಿದಳು, ಹೆಸರುಬೇಳೆ ಪಾಯಸ ಮಾಡಿದಳು. ಕೋಠಿಗೆ ಟೋಪಿ ಹಾಕಿದವರ ಸಾಲಿಗೆ ನಾವೂ ಸೇರಿದೆವು ಎಂದು ಬೀದಿಗೆಲ್ಲ ಪಾಯಸ ಹಂಚಿದೆವು. ಪುಟ್ಟನಂಜಮ್ಮ ಲೋಟ ಇಸಿದುಕೊಂಡು ತಮ್ಮ ಬಾಗಿಲು ಹಾಕಿಕೊಂಡರು.

ಮಾರನೆಯ ಸಂಜೆ ಕೆಲಸ ಮುಗಿಸಿ ಬಂದೆ. ಮೊಣಕಾಲು, ಭುಜ. ಒಳಗೆ ಬಂದು ನಿಂತೆ. ಅಕ್ಕ ಬೆನ್ನು ಮಾಡಿ ಹೊಲಿಯುತ್ತಿದ್ದಳು. ನಿಂತೇ ಇದ್ದೆ. ಏನಕ್ಕೆ ಕಾಯುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಬಾಟಲಿಗೆ ಬಾಟಲಿ ತಾಗಿತೋ ಏನೋ, ಅವಳು ಬೆಚ್ಚಿಬಿದ್ದು, ಎದೆಯ ಮೇಲೆ ಕೈ ಇಟ್ಟುಕೊಂಡು ತಿರುಗಿದಳು.

"ಯಾರು?" ಅಂದಳು.

ಹುಟ್ಟಿದಾಗಿನಿಂದ ಅಕ್ಕ ನನ್ನನ್ನು ಯಾರು ಎಂದು ಕೇಳಿರಲಿಲ್ಲ. ನಾನು ಅಂತ ಗೊತ್ತಾದ ಮೇಲೆ ಅವಳೂ ನಕ್ಕಳು, ನಾನೂ ನಕ್ಕೆ. ಸೋಡಾ ಕುಡಿದೆವು. ಅಭ್ಯಾಸವಾಗುತ್ತೆ ಬಿಡು ಅಂದಳು.

ಅಭ್ಯಾಸವಾಗಲಿಲ್ಲ. ರವಿಕೆಯವರು ಬಂದು ಬೆನ್ನ ಹಿಂದೆ ನಿಂತಾಗೆಲ್ಲ ಅವಳು ಹೆದರಿ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಬಾಗಿಲಿಗೆ ಗಂಟೆ ಕಟ್ಟಿದೆ. ಗಂಟೆ ಕಿಣಿಗುಟ್ಟಿತು, ಆದರೆ ಪುಟ್ಟನಂಜಮ್ಮನಿಗೂ ನನಗೂ ಬೆಕ್ಕಿಗೂ ಒಂದೇ ಥರ ಕಿಣಿಗುಟ್ಟಿತು. ಅಕ್ಕ ಎಲ್ಲರಿಗೂ "ಯಾರು?" ಅಂದಳು. ಮಿಷನ್ನನ್ನು ಬಾಗಿಲ ಕಡೆ ತಿರುಗಿಸಿ ಹಾಕಿದೆ. ಬೆಳಕು ಬೆನ್ನಿಗೆ ಬಿದ್ದು, ಯಾರದೋ ಮದುವೆ ರವಿಕೆಗೆ ತೋಳು ಅದಲುಬದಲಾಗಿ, ಬಯ್ಯಿಸಿಕೊಂಡಳು. ಮಿಷನ್ನು ಮತ್ತೆ ಕಿಟಕಿಗೇ ಹೋಯಿತು. ಒಂದು ಭಾನುವಾರ ಕೀಲುಗಳಿಗೆ ಉಪ್ಪುನೀರು ಸುರಿದೆ. ದಿನಾ ಸುರಿದೆ. ಕೆಂಪಗೆ ತುಕ್ಕು ಹಿಡಿದು ಉದುರಿತು, ಸದ್ದು ಮಾತ್ರ ಬರಲಿಲ್ಲ. ಹಳೆ ಸಾಮಾನಿನ ಅಂಗಡಿಯಿಂದ, ಅಂಗಡಿಯಲ್ಲಿ ಕಿವಿ ಹರಿಯುವಂತೆ ಅರಚುತ್ತಿದ್ದ ಒಂದು ಬಾಗಿಲನ್ನೇ ಹೊರಿಸಿಕೊಂಡು ಬಂದು ಹಾಕಿಸಿದೆ. ನಮ್ಮ ಚೌಕಟ್ಟಿಗೆ ಬಿದ್ದದ್ದೇ ತಡ, ಅದೂ ಬಾಯಿ ಮುಚ್ಚಿಕೊಂಡಿತು.

ಕೊಟ್ಟದ್ದು ಕೀಲಿನ ಕಿರುಗುಟ್ಟುವಿಕೆ ಅಂದುಕೊಂಡಿದ್ದೆವು. ಅದರ ಬೆನ್ನಿಗೆ ಅಕ್ಕನ ಆ ಒಂದು ಮಾತೂ ಹೋಗಿತ್ತು. ಬಾಯಿಬಿಟ್ಟು ಹೇಳು ಎಂದು ಕೇಳಬಹುದಿತ್ತು, ಒಮ್ಮೆ ಕೇಳಿಯೂ ಬಿಟ್ಟೆ. ನಾನು ಎದುರಿಗೆ ನಿಂತಿದ್ದೆ. ಅವಳು ನನ್ನ ಮುಖ ನೋಡಿ, "ಬಂದ್ಯಾ?" ಅಂದು, ತಾನೇ ನಾಚಿಕೊಂಡಳು. "ಎದುರಿಗೇ ನಿಂತಿರೋನ್ನ ಬಂದ್ಯಾ ಅಂತ ಏನ್ ಕೇಳೋದೋ" ಅಂದಳು. ಮತ್ತೆ ನಾವು ಆ ಆಟ ಆಡಲಿಲ್ಲ.

ಕೊನೆಗೆ ಒಂದು ದಿನ ಕೆಲಸಕ್ಕೆ ಅರ್ಧ ರಜೆ ಹಾಕಿ ಕೋಠಿಗೆ ಹೋದೆ. ಬರಿಗೈಯಲ್ಲಿ ಹೋಗುವುದೇಕೆಂದು ತಿಮ್ಮರಸಯ್ಯನವರಿಗೆ ಎರಡು ಸೋಡಾ ಹಿಡಿದುಕೊಂಡಿದ್ದೆ. ಕೇಳುಗರು ಕೂರುವುದು ಒಳಗಿನ ಪಡಸಾಲೆಯ ಕೊನೆಯಲ್ಲಿ. ಎರಡೂ ಕೈಯಲ್ಲಿ ಬಾಟಲಿ, ಹಾಗಾಗಿ ಪಡಸಾಲೆಯ ಬಾಗಿಲನ್ನು ಮೊಣಕಾಲಿನಿಂದ ದೂಡಿ ಭುಜ ಕೊಟ್ಟೆ.

ಚಿಕ್ಕ ಕಿರ್. ಆಮೇಲೆ ಉದ್ದನೆಯದು.

ನಮ್ಮ ಬಾಗಿಲು. ನನ್ನ ಕಾಲು ಹೊಸಿಲಲ್ಲೇ ನಿಂತಿತು. ಉದ್ದನೆಯದು ಮುಗಿಯುವವರೆಗೆ ಕಾದೆ.

"ಏನ್ರೀ, ದಾರಿಗಡ್ಡ ನಿಂತ್ರಿ? ಏನ್ ಬೇಕಾಗಿತ್ತು?" ಎಂದು ಕಿಟಕಿಯ ಹಿಂದಿನ ಗುಮಾಸ್ತ ಕೇಳಿದ.

ತಿಮ್ಮರಸಯ್ಯ ಎದ್ದು ಬಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ನಾನು ಹೇಳಬೇಕೆಂದುಕೊಂಡದ್ದನ್ನೆಲ್ಲ ಅವರು ಮೊದಲೇ ಕೇಳಿಸಿಕೊಂಡವರ ಹಾಗೆ ತಲೆಯಾಡಿಸಿದರು. "ಶುಲ್ಕ ವಾಪಸ್ ಬರೋದಿಲ್ಲಪ್ಪ. ನಿಮ್ಮ ಅಕ್ಕನಿಗೆ ಹೇಳ್ದೆ. ಎಲ್ಲರ ಮನೇಲೂ ಹೇಳ್ತೀನಿ. ಯಾರ್ ನಂಬ್ತಾರೆ?" ಅಂದರು. ನನ್ನ ಕೈಯಿಂದ ಒಂದು ಬಾಟಲಿ ತಗೊಂಡು, "ಹತ್ತರಿಂದ ಐದರವರೆಗೆ ಬಾಗಿಲು ತೆಗೆದಿರುತ್ತೆ. ಯಾರ್ ಬೇಕಾದ್ರೂ ಬಂದು ಕೂರಬಹುದು" ಎಂದು ಸೋಡಾದ ಗೋಲಿ ಒತ್ತಿದರು.

ಆಗ ಬೆಂಚುಗಳ ಕಡೆ ನೋಡಿದೆ. ಸಾಲವಿಲ್ಲದ ಆ ಮುದುಕರು, ಮುದುಕಿಯರು ಎಂದಿನಂತೆ ಕೂತಿದ್ದರು. ಯಾವುದೋ ಬಾಗಿಲು ಕಿರುಗುಟ್ಟಿತು. ಮೂಲೆಯ ಅಜ್ಜಿಯೊಬ್ಬಳು ತಲೆಯೆತ್ತಿ, ಸೆರಗು ಸರಿಮಾಡಿಕೊಂಡು, ಕಂತು ಕಟ್ಟಲು ಬಂದ ಯಾರನ್ನೋ ನೋಡಿ ಮತ್ತೆ ತಲೆ ತಗ್ಗಿಸಿದಳು. ಅವರು ತಂಪಿಗೆ ಬಂದವರಲ್ಲ. ಇಷ್ಟು ವರ್ಷ ಅವರನ್ನು ದಾಟಿಕೊಂಡು ಓಡಾಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮುಂದಿನ ಶನಿವಾರ ಅಕ್ಕನನ್ನು ಕರೆದುಕೊಂಡು ಹೋದೆ. ಏಕೆಂದು ಹೇಳಲಿಲ್ಲ. ಹುಕ್ಕು ಹಾಕುವ ರವಿಕೆಯೊಂದನ್ನು ಚೀಲದಲ್ಲಿ ತಂದಿದ್ದಳು, ಸುಮ್ಮನೆ ಕೂತು ಗೊತ್ತಿಲ್ಲ ಅವಳಿಗೆ. ಪಡಸಾಲೆಯ ಬಾಗಿಲಿಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂರಿಸಿ, ಬೀಡಾ ತರುತ್ತೇನೆ ಎಂದು ಹೊರಗೆ ಹೋದೆ. ಹೊರಗಡೆ ಕಟ್ಟೆಯ ಮೇಲಿಟ್ಟಿದ್ದ ಬಾಟಲಿಗಳನ್ನು ಎರಡೂ ಕೈಗೆ ತಗೊಂಡೆ. ಮೊಣಕಾಲು, ಭುಜ.

ಅವಳು ತಿರುಗಲಿಲ್ಲ. ಸೂಜಿಯೂ ನಿಲ್ಲಲಿಲ್ಲ. ಬಾಗಿಲು ಕೂಗಿ ಮುಗಿಯುವುದರೊಳಗೆ ಅಕ್ಕ ಅಂದಳು:

"ಬಂದ್ಯಾ?"

"ಬಂದೆ" ಅಂದೆ. ಆಗ ಅವಳ ಸೂಜಿ ನಿಂತಿತು. ತಾನು ಎಲ್ಲಿ ಕೂತಿದ್ದೇನೆಂದು ಸುತ್ತ ನೋಡಿದಳು, ಬಾಗಿಲು ನೋಡಿದಳು, ನನ್ನನ್ನು ನೋಡಿದಳು. ಪಕ್ಕದ ಮುದುಕರೊಬ್ಬರು ಸುಮ್ಮನೆ ಸರಿದು ನನಗೆ ಜಾಗ ಕೊಟ್ಟರು. ಕೋಠಿ ಮುಚ್ಚುವವರೆಗೂ ಅಲ್ಲೇ ಕೂತೆವು. ನಡುವೆ ನಾನು ಮತ್ತೊಮ್ಮೆ ಹೊರಗೆ ಹೋಗಿ ಬಂದೆ.

ಆಮೇಲೆ ಮನೆಯ ಕಡೆ ಹೊರಟೆವು. ಬೀದಿಯ ತಿರುವಿನಲ್ಲಿ, "ಅವತ್ತು ಮಾವ ಎಣ್ಣೆ ಹಾಕಿಬಿಡಬೇಕಿತ್ತು ಕಣೋ. ಈ ಸದ್ದು ಏನು ಅಂತಾನೇ ನಮಗೆ ಗೊತ್ತಾಗ್ತಿರ್ಲಿಲ್ಲ" ಅಂದಳು. ಅವಳ ಕೈಯ ಚೀಲ ಇಸಿದುಕೊಂಡೆ.

ಅವಳು ಮುಂದೆ ಹೋದಳು. ನಾನು ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಹಿಂದಿನಿಂದ ಬಂದೆ. ಅಷ್ಟರಲ್ಲಿ ಅವಳು ಮಿಷನ್ನಿನ ಮುಂದೆ ಕೂತು, ಕಿಟಕಿಯಲ್ಲಿ ಉಳಿದಿದ್ದ ಬೆಳಕಿಗೆ ದಾರ ಪೋಣಿಸುತ್ತಿದ್ದಳು. ಪತ್ರ ದೇವರ ಗೂಡಿನಲ್ಲಿತ್ತು. ಮನೆಯ ಒಂದೊಂದು ಇಟ್ಟಿಗೆಯೂ ಈಗ ನಮ್ಮದೇ. ಬಾಗಿಲು ದೂಡಿದೆ, ಅದು ಸದ್ದಿಲ್ಲದೆ ತೆರೆದುಕೊಂಡಿತು. ಅವಳು ಬೆಚ್ಚಬಾರದೆಂದು ಹೊಸಿಲಾಚೆಯೇ ನಿಂತು ಮೆಲ್ಲಗೆ ಹೇಳಿದೆ.

"ಅಕ್ಕ, ನಾನು."